ವೈರಸ್ ಪ್ರೇಮಣ್ಣ

ಬೈಂದೂರು ಬಸ್‌ಸ್ಟ್ಯಾಂಡಿನ ಎದುರು, ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ ಪ್ರೇಮಾನಂದನ ಕಂಪ್ಯೂಟರ್ ರಿಪೇರಿ ಅಂಗಡಿ. ಬೋರ್ಡಿನಲ್ಲಿ ‘ಪ್ರೇಮ್ ಕಂಪ್ಯೂಟರ್ಸ್, ಸೇಲ್ಸ್ ಅಂಡ್ ಸರ್ವಿಸ್’ ಅಂತ ಇದೆ. ಸೇಲ್ಸ್ ಅಂತ ಆದದ್ದು ಯಾವ ಕಾಲದಲ್ಲೋ, ಸರ್ವಿಸಿಗೆ ಮಾತ್ರ ಪುರಸೊತ್ತಿಲ್ಲ. ಆದರೆ ಬೋರ್ಡಿನ ಹೆಸರು ಹಿಡಿದು ವಿಚಾರಿಸಿದರೆ ಊರಲ್ಲಿ ಯಾರೂ ದಾರಿ ತೋರಿಸಲಿಕ್ಕಿಲ್ಲ. ವೈರಸ್ ಪ್ರೇಮಣ್ಣನ ಅಂಗಡಿ ಅಂತ ಕೇಳಬೇಕು. ಆಗ ಕಬ್ಬಿನಹಾಲಿನವನೂ ಕೈ ಎತ್ತಿ ಮೇಲೆ ತೋರಿಸುತ್ತಾನೆ.

ಈ ಬಿರುದು ಅವನಿಗೆ ಸುಮ್ಮನೆ ಬಂದದ್ದಲ್ಲ, ಇಪ್ಪತ್ತು ವರ್ಷ ದುಡಿದು ಸಂಪಾದಿಸಿದ್ದು. ಪ್ರಾಯದ ಮಗನಿರುವ ಲಾಡ್ಜಿನ ಧಣಿ ಲ್ಯಾಪ್‌ಟಾಪ್ ತಂದು, ತೆರೆದ ಕೂಡಲೇ ನೋಡಬಾರದ್ದೆಲ್ಲ ಬರುತ್ತದೆ ಅಂತ ಗುಟ್ಟಾಗಿ ಹೇಳಿದರೆ ಪ್ರೇಮಾನಂದ ಗಂಭೀರವಾಗಿ ವೈರಸ್ ಅನ್ನುತ್ತಿದ್ದ. ಧಣಿಯ ಮುಖಕ್ಕೆ ಜೀವ ಬರುತ್ತಿತ್ತು. ಒಬ್ಬ ಹೆಡ್‌ಮಾಸ್ಟ್ರ ಕೀಬೋರ್ಡನ್ನು ಬಿಚ್ಚಿದಾಗ ಒಳಗೆ ಪಾಯಸದ ಶಾವಿಗೆ ಸಿಕ್ಕಿತು. ಅದೂ ವೈರಸ್ಸೇ. ಗಂಡನ ಫೋಟೋಗಳನ್ನೆಲ್ಲ ಸಿಟ್ಟಿನಲ್ಲಿ ಅಳಿಸಿ ಆಮೇಲೆ ಅಳುತ್ತ ಬಂದ ಹೆಂಗಸಿಗೂ ಅದನ್ನೇ ಹೇಳಿ ಕಳಿಸಿದ್ದ. ಯಾರ ತಪ್ಪು ಎಂದು ಬಾಯಿಬಿಟ್ಟು ಹೇಳಲಿಕ್ಕಾಗದ ಜಾಗದಲ್ಲೆಲ್ಲ ಇಡಲಿಕ್ಕೆ ಎಷ್ಟು ಒಳ್ಳೆಯ ಶಬ್ದ ಕಾಣಿ. ಗಿರಾಕಿಗೆ ಮರ್ಯಾದೆ ಉಳಿಯಿತು, ಪ್ರೇಮಾನಂದನಿಗೆ ಗಿರಾಕಿ ಉಳಿದ.

ನಿಜ ಹೇಳಿದರೆ ಏನಾಗುತ್ತದೆ ಎಂಬುದನ್ನು ಅವನು ಮುಂಬೈಯಲ್ಲೇ ಕಲಿತು ಬಂದಿದ್ದ. ಯಡ್ತರೆಯ ಈ ಹುಡುಗ ಹದಿನಾರನೇ ವಯಸ್ಸಿಗೆ ಮಾವನ ಹೋಟೆಲಿಗೆ ಲೋಟ ತೊಳೆಯಲಿಕ್ಕೆ ಹೋದವನು, ರಾತ್ರಿಶಾಲೆ ಮುಗಿಸಿ ಲ್ಯಾಮಿಂಗ್ಟನ್ ರೋಡಿನ ಒಬ್ಬ ಸೇಟನ ಅಂಗಡಿಯಲ್ಲಿ ಕಂಪ್ಯೂಟರ್ ಬಿಚ್ಚುವುದು ಕಲಿತ. ಒಂದು ದಿನ ಸೇಟನ ಕಂಪ್ಯೂಟರಿನಲ್ಲಿ ಇದ್ದದ್ದೆಲ್ಲ ಹೋಯಿತು. ಯಾರು ಮಾಡಿದ್ದು ಅಂತ ಸೇಟ ಕೇಳಿದ. ನಿಮ್ಮ ಮಗ ಅಂತ ಇವನು ಹೇಳಿದ. ಮಗ ಅಲ್ಲೇ ಉಳಿದ, ಇವನು ಊರಿಗೆ ಬಂದ.

ಇಂಥ ಪ್ರೇಮಾನಂದನ ಅನ್ನಕ್ಕೆ ಆಧಾರವಾಗಿದ್ದದ್ದು ಒಂದು ಸಹಕಾರ ಸಂಘ. ಮೀನುಗಾರರಿಗೆ ಬಲೆ, ಹಗ್ಗ, ಎಂಜಿನ್ನಿನ ಬಿಡಿಭಾಗ ಮಾರುವ ಸಂಘ ಅದು. ಪ್ರಧಾನ ಕಚೇರಿ ಕುಂದಾಪುರದಲ್ಲಿ, ಶಾಖೆಗಳು ಬೈಂದೂರಿನಲ್ಲಿ ಮತ್ತು ಬ್ರಹ್ಮಾವರದಲ್ಲಿ. ಬೈಂದೂರು ಶಾಖೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವ ವರ್ಷದ ಕರಾರು ಇವನದ್ದು. ಪ್ರತಿ ಜೂನಿನಲ್ಲಿ ಅದು ನವೀಕರಣವಾಗಬೇಕು, ಅದಕ್ಕೆ ಮ್ಯಾನೇಜರ ಸಹಿ ಬೇಕು.

ಮ್ಯಾನೇಜರ ಹೆಸರು ಪ್ರಖ್ಯಾತ್. ಹೆಸರಿಟ್ಟವರು ಬಹಳ ಮುಂದಾಲೋಚನೆ ಮಾಡಿದ್ದರು, ಕೆಲಸದಿಂದ ಆಗದಿದ್ದರೆ ಹೆಸರಿನಿಂದಲಾದರೂ ಆಗಲಿ ಅಂತ. ಮೂವತ್ತನಾಲ್ಕರ ಪ್ರಾಯ, ಇಸ್ತ್ರಿ ಅಂಗಿ, ಮಾತಿಗೊಂದು ಸುತ್ತೋಲೆ. ಸುತ್ತೋಲೆ ಬರೆದರೆ ಸಾಲದು, ಅದನ್ನು ಲ್ಯಾಮಿನೇಶನ್ ಮಾಡಿಸಿ ಗೋಡೆಗೆ ಅಂಟಿಸಬೇಕು. ಶೌಚಾಲಯದಲ್ಲಿ ನೀರು ಹಾಕುವ ಬಗ್ಗೆಯೇ ಮೂರು ಇದ್ದವು.

ಎರಡು ವರ್ಷದ ಹಿಂದೆ ಮೇ ತಿಂಗಳಲ್ಲಿ ಸಿಡಿಲು ಬಡಿದು ಶಾಖೆಯ ಇಂಟರ್ನೆಟ್ ಪೆಟ್ಟಿಗೆ ಸುಟ್ಟುಹೋಯಿತು. ಗುಡುಗು ಕೇಳಿದರೆ ಟೀವಿಯ ವಯರು ಕಿತ್ತಿಡುವುದು ನಮ್ಮ ಕಡೆ ಮನೆಮನೆಯ ಪದ್ಧತಿ. ಪ್ರಖ್ಯಾತ್ ಅದನ್ನು ಆಡಳಿತದ ಮಟ್ಟಕ್ಕೆ ಏರಿಸಿದರು. ಸಂಜೆ ಕೊನೆಗೆ ಹೋಗುವವರು ಮೈನ್ ಸ್ವಿಚ್ ಬಂದ್ ಮಾಡಿಯೇ ಹೋಗತಕ್ಕದ್ದು ಅಂತ ಸುತ್ತೋಲೆ ಬಂತು, ಲ್ಯಾಮಿನೇಶನ್ ಆಯಿತು. ಮಳೆಗಾಲವಿರಲಿ, ಡಿಸೆಂಬರಿನ ಚಳಿ ಇರಲಿ, ಆಕಾಶದಲ್ಲಿ ಅಂಗೈಯಗಲ ಮೋಡ ಇಲ್ಲದಿರಲಿ, ಸಂಜೆ ಆರಕ್ಕೆ ಟಪ್ ಅಂತ ಇಡೀ ಕಚೇರಿಯ ಕರೆಂಟು ಹೋಗುತ್ತಿತ್ತು. ಕುಂದಾಪುರದವರು ಇದನ್ನು ಮೆಚ್ಚಿ ಸಭೆಯಲ್ಲಿ ಚಪ್ಪಾಳೆ ಹೊಡೆದರು.

ಹಿಂದಿನ ಕೋಣೆಯಲ್ಲಿ, ಹಳೆ ಬಲೆಯ ಕಟ್ಟುಗಳ ಪಕ್ಕ, ಸರ್ವರ್ ಎಂಬ ಕಪ್ಪು ಪೆಟ್ಟಿಗೆ ಇತ್ತು. ಉಳಿದ ಕಂಪ್ಯೂಟರುಗಳಿಗೆ ಅದೇ ಯಜಮಾನ. ಯಾರಾದರೂ ತಮ್ಮ ಹೆಸರು, ಪಾಸ್‌ವರ್ಡ್ ಹೊಡೆದರೆ ಆ ಕಂಪ್ಯೂಟರು ಇವರನ್ನು ಒಳಗೆ ಬಿಡಲಾ ಅಂತ ಸರ್ವರನ್ನು ಕೇಳಬೇಕು, ಅದು ಹೂಂ ಅಂದರೆ ಮಾತ್ರ ಬಾಗಿಲು ತೆರೆಯುತ್ತದೆ. ಅಂಥ ಯಜಮಾನನ ಕುತ್ತಿಗೆಯನ್ನು ದಿನಾ ಸಂಜೆ ಹಿಸುಕಿದರೆ ಅದು ಬೆಳಿಗ್ಗೆ ಹೇಗೆ ಎದ್ದೀತು? ಏಳುವ ಮೊದಲು ತನ್ನ ಎಲುಬು ಎಲ್ಲ ಸರಿ ಇವೆಯಾ ಅಂತ ಒಂದೊಂದಾಗಿ ಎಣಿಸಿಕೊಳ್ಳುತ್ತಿತ್ತು. ಅದಕ್ಕೆ ಅರ್ಧ ಗಂಟೆಯ ಮೇಲೆ ಬೇಕಾಗುತ್ತಿತ್ತು. ಆ ಹೊತ್ತಿನಲ್ಲಿ ಯಾವ ಕಂಪ್ಯೂಟರ್ ಹೋಗಿ ಕೇಳಿತೋ ಅದರ ಗತಿ ಮುಗಿಯಿತು, ಉತ್ತರ ಸಿಗದೆ ಒಂದು ಚಕ್ರ ತಿರುಗಿಸುತ್ತ ಕೂರುತ್ತಿತ್ತು. ಸರ್ವರ್ ಎದ್ದ ಮೇಲೂ ಅದರ ಮಂಪರು ಸುಲಭದಲ್ಲಿ ಇಳಿಯುತ್ತಿರಲಿಲ್ಲ. ತಡವಾಗಿ ಬಂದು ಹೊಸತಾಗಿ ಸ್ವಿಚ್ ಹಾಕಿದವರಿಗೆ ಮಾತ್ರ ಕಣ್ಣು ಮುಚ್ಚಿ ತೆರೆಯುವುದರೊಳಗೆ ಬಾಗಿಲು ತೆರೆಯುತ್ತಿತ್ತು.

ಶಾಖೆಯಲ್ಲಿ ಎಲ್ಲರಿಗಿಂತ ಮೊದಲು ಬರುತ್ತಿದ್ದವಳು ಚಂದ್ರಮತಿ. ಕಿರಿಮಂಜೇಶ್ವರದವಳು, ನಲವತ್ತಾರು ವರ್ಷ, ಹದಿನಾಲ್ಕು ವರ್ಷದ ಸರ್ವಿಸು. ತಾಯಿ ಗುಲಾಬಿ ಬುಟ್ಟಿ ಹೊತ್ತು ಮೀನು ಮಾರಿ ಮಗಳನ್ನು ಬಿಕಾಂ ಓದಿಸಿದವಳು. ಕಚೇರಿ ಒಂಬತ್ತೂವರೆಗೆ, ಆದರೆ ಚಂದ್ರಮತಿ ಒಂಬತ್ತು ಗಂಟೆಯ ಬಸ್ಸಿಗೆ ಇಳಿದು, ಶಟರ್ ಎತ್ತಿ, ಮೈನ್ ಹಾಕಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಹೆಸರು ಪಾಸ್‌ವರ್ಡ್ ಹೊಡೆದು ಕೂರುತ್ತಿದ್ದಳು. ಪರದೆಯ ಮೇಲೆ ‘ಪ್ಲೀಸ್ ವೇಟ್’ ಅಂತ ಬರುತ್ತಿತ್ತು. ಕಂಪ್ಯೂಟರ್ ಹಾಗೆ ಹೇಳಿದರೆ ನಿಜಕ್ಕೂ ಕಾಯುವವರು ಇಡೀ ಬೈಂದೂರಿನಲ್ಲಿ ಇವಳೊಬ್ಬಳೇ ಇರಬೇಕು. ಬೇರೆಯವರಾದರೆ ಅದರ ತಲೆಗೆ ಎರಡು ಬಿಟ್ಟು, ಸ್ವಿಚ್ ಆರಿಸಿ ಮತ್ತೆ ಹಾಕುತ್ತಿದ್ದರು. ಇವಳು ಕೈ ಕಟ್ಟಿ ಕಾದಳು. ಎರಡು ವರ್ಷ ಇದರಿಂದ ಯಾರಿಗೂ ಏನೂ ನಷ್ಟವಾಗಲಿಲ್ಲ.

ಈ ವರ್ಷ ಮೇಯಲ್ಲಿ ಪ್ರಖ್ಯಾತರು ಡಿಜಿಟಲ್ ಹಾಜರಿ ತಂದರು. ಯಾರು ಎಷ್ಟು ಹೊತ್ತಿಗೆ ಕಂಪ್ಯೂಟರಿನ ಒಳಗೆ ಹೊಕ್ಕರೋ ಅದೇ ಅವರು ಕಚೇರಿಗೆ ಬಂದ ಹೊತ್ತು. ಒಂಬತ್ತೂ ಮುಕ್ಕಾಲರವರೆಗೆ ಮಾಫಿ, ದಾಟಿದರೆ ತಡ. ಲೆಕ್ಕ ಸೀದಾ ಕುಂದಾಪುರಕ್ಕೆ ಹೋಗುತ್ತದೆ, ಮನುಷ್ಯರ ಕೈ ತಾಗುವುದಿಲ್ಲ. ಮ್ಯಾನೇಜರಿಗೆ ಮಾತ್ರ ಈ ಹಾಜರಿ ಇಲ್ಲ, ಅವರು ಬಂದಾಗಲೇ ಹೊತ್ತು. ಫಲ ಏನಾಯಿತು ಅಂದರೆ, ಒಂಬತ್ತೂ ನಲವತ್ತಮೂರಕ್ಕೆ ಬೈಕಿನಲ್ಲಿ ಬಂದು ಹೆಲ್ಮೆಟ್ಟು ತೆಗೆಯುತ್ತಲೇ ಒಳಹೊಗುತ್ತಿದ್ದ ಗುಮಾಸ್ತ ಸುಜಿತ್ ಶಾಖೆಯ ಅತ್ಯಂತ ಶಿಸ್ತಿನ ನೌಕರನಾದ. ಬೀಗ ತೆಗೆದ ಚಂದ್ರಮತಿಯ ಹೊತ್ತು ದಿನಾ ಒಂಬತ್ತೂ ಐವತ್ತೆರಡು. ಸುಜಿತನ ಹೆಸರಿನ ಎದುರು ಹಸಿರು, ಅವಳ ಹೆಸರಿನ ಎದುರು ಕೆಂಪು.

ಜೂನಿನಲ್ಲಿ ಅವಳ ದೂರಿನ ಮೇಲೆ ಪ್ರೇಮಾನಂದನಿಗೆ ಕರೆ ಹೋಯಿತು. ಅವನು ಬೆಳಿಗ್ಗೆ ಒಂಬತ್ತಕ್ಕೇ ಬಂದು ಅವಳ ಪಕ್ಕ ನಿಂತು ನೋಡಿದ. ಚಕ್ರ ತಿರುಗುತ್ತಿತ್ತು. ಹಿಂದಿನ ಕೋಣೆಗೆ ಹೋಗಿ ಸರ್ವರಿನ ದೀಪ ನೋಡಿದ. ಅದರ ದಿನಚರಿ ತೆರೆದು ನೋಡಿದರೆ ದಿನಾ ಸಂಜೆ ಆರಕ್ಕೆ ಅಪಮೃತ್ಯು. ತಿರುಗಿ ಗೋಡೆ ನೋಡಿದ, ಅಲ್ಲಿ ಲ್ಯಾಮಿನೇಶನ್, ಕೆಳಗೆ ಮ್ಯಾನೇಜರ ದಪ್ಪ ಸಹಿ. ಕಾಯಿಲೆ ತಿಳಿಯಲಿಕ್ಕೆ ಹತ್ತು ನಿಮಿಷವೂ ಬೇಕಾಗಲಿಲ್ಲ. ಮದ್ದಿಗೆ ಒಂದು ಪೈಸೆ ಖರ್ಚಿಲ್ಲ, ಆ ಪೆಟ್ಟಿಗೆಯೊಂದನ್ನು ರಾತ್ರಿ ಆರಿಸದಿದ್ದರೆ ಸಾಕು.

ಆದರೆ ಅದನ್ನು ಹೇಳಬೇಕಾದದ್ದು ಪ್ರಖ್ಯಾತರಿಗೆ. ಕರಾರಿನ ನವೀಕರಣದ ಕಾಗದ ಅವರ ಮೇಜಿನ ಮೇಲೆ, ಗಾಜಿನ ಗುಂಡಿನ ಅಡಿಯಲ್ಲಿ, ಸಹಿಗೆ ಕಾಯುತ್ತ ಇತ್ತು. ನಿಮ್ಮ ಸುತ್ತೋಲೆಯೇ ರೋಗ ಅಂತ ಹೇಳಿ ಆ ಕಾಗದವನ್ನು ಖಾಲಿ ಹಿಂದೆ ತರುವುದಾ? ಪ್ರೇಮಾನಂದನಿಗೆ ಲ್ಯಾಮಿಂಗ್ಟನ್ ರೋಡು ನೆನಪಾಯಿತು. ಅವನು ಚಂದ್ರಮತಿಯ ಮೇಜಿಗೆ ಬಂದು, ಪೆನ್‌ಡ್ರೈವ್ ಚುಚ್ಚಿ, ಎರಡು ಸಲ ತಲೆ ಆಡಿಸಿ, ತನ್ನ ಶಬ್ದವನ್ನು ಹೇಳಿಬಿಟ್ಟ. ವೈರಸ್ ಇತ್ತು, ತೆಗೆದಿದ್ದೇನೆ, ಇನ್ನು ಸರಿಹೋದೀತು. ಸಂಜೆ ಕರಾರಿಗೆ ಸಹಿ ಬಿತ್ತು.

ಸರಿಹೋಗುವುದು ಎಲ್ಲಿಂದ? ಜುಲೈಯಲ್ಲಿ ಚಂದ್ರಮತಿಗೆ ಮೊದಲ ಮೆಮೊ ಬಂತು, ಅಭ್ಯಾಸಬಲದಿಂದ ತಡವಾಗಿ ಬರುತ್ತೀರಿ ಅಂತ. ಪ್ರೇಮಾನಂದ ಮತ್ತೆ ಬಂದು ಅವಳ ಕಂಪ್ಯೂಟರಿನ ಕೇಬಲ್ ಬದಲಿಸಿದ, ಧೂಳು ಊದಿದ, ವೈರಸ್ ಸ್ವಲ್ಪ ಉಳಿದಿತ್ತು ಅಂದ. ಆಗಸ್ಟಿನಲ್ಲಿ ಎರಡನೇ ಮೆಮೊ. ಮೂರನೆಯದು ಬಂದರೆ ಬ್ರಹ್ಮಾವರಕ್ಕೆ ವರ್ಗ, ಸೇವಾ ಪುಸ್ತಕದಲ್ಲಿ ಕಪ್ಪು ಮಚ್ಚೆ ಅಂತ ನಿಯಮ. ಕಿರಿಮಂಜೇಶ್ವರದಿಂದ ಬ್ರಹ್ಮಾವರಕ್ಕೆ ದಿನಾ ಹೋಗಿ ಬರುವುದೆಂದರೆ ಅರ್ಧ ಆಯಸ್ಸು ಬಸ್ಸಿಗೆ. ಚಂದ್ರಮತಿ ಅದಕ್ಕೂ ತಯಾರಿದ್ದಳೋ ಏನೋ. ತಡವಾಗಿ ಬರುವವಳು ಎಂಬ ಹೆಸರು ಹೊತ್ತು ಹೋಗುವುದು ಅವಳಿಂದ ಆಗುವಂತಿರಲಿಲ್ಲ.

ಸೆಪ್ಟೆಂಬರಿನ ಒಂದು ಶುಕ್ರವಾರ ಪ್ರಖ್ಯಾತ್ ಪ್ರೇಮಾನಂದನನ್ನು ಕರೆಸಿ, ಚಾ ತರಿಸಿ, ಬಹಳ ಪ್ರೀತಿಯಿಂದ ಮಾತಾಡಿದರು. ಮ್ಯಾನೇಜರು ಚಾ ತರಿಸಿದರೆ ಏನೋ ಉಂಟು ಅಂತಲೇ ಅರ್ಥ. ಮೂರನೇ ಮೆಮೊ ಕೊಡುವ ಮೊದಲು ತಾಂತ್ರಿಕ ವರದಿಯೊಂದು ಬೇಕು ಅಂತ ಕುಂದಾಪುರದವರು ಕೇಳಿದ್ದರಂತೆ. ಚಂದ್ರಮತಿ ಒಮ್ಮೆ ಅಣ್ಣನ ಮಗಳು ಮೋಕ್ಷಿತಾಳ ಡ್ಯಾನ್ಸಿನ ಫೋಟೋ ಪ್ರಿಂಟ್ ಹಾಕಲಿಕ್ಕೆ ಪೆನ್‌ಡ್ರೈವ್ ತಂದಿದ್ದಳಲ್ಲ, ವೈರಸ್ ಅದರಿಂದಲೇ ಬಂತು ಅಂತ ಒಂದು ಪುಟ ಬರೆದರೆ ಕೆಲಸ ಮುಗಿಯಿತು ಅಂದರು. ಪ್ರೇಮಾನಂದ ಚಾದ ಕಪ್ಪನ್ನು ತಿರುಗಿಸುತ್ತ ಕೂತ.

“ನೀವೇ ಬಾಯಲ್ಲಿ ಹೇಳಿದ್ದನ್ನು ಬರೆದು ಕೊಡಿ ಅಂತ ಕೇಳುವುದು, ಪ್ರೇಮಣ್ಣ,” ಅಂದರು ಪ್ರಖ್ಯಾತ್. “ಹೊಸತಾಗಿ ಎಂತದ್ದೂ ಬೇಡ.”

ಅದು ಸತ್ಯವೇ ಆಗಿತ್ತು, ಅದೇ ಕಷ್ಟ. ಸೋಮವಾರ ಕೊಡುತ್ತೇನೆ ಅಂತ ಹೇಳಿ ಅವನು ಎದ್ದು ಬಂದ. ಬರೆದುಕೊಡುವುದು ಅಂತಲೇ ಅವನ ಮನಸ್ಸಿನಲ್ಲಿ ಇದ್ದದ್ದು, ಅವನನ್ನು ಒಳ್ಳೆಯವನು ಮಾಡಿ ಹೇಳಲಿಕ್ಕೆ ನನಗೇನೂ ಆತುರವಿಲ್ಲ. ಒಂದು ವರ್ಗ ತಾನೇ, ಜೀವ ಹೋಗುವುದಿಲ್ಲವಲ್ಲ ಅಂತ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಶನಿವಾರ ಮಧ್ಯಾಹ್ನ ಅವನ ಅಂಗಡಿಯ ಮೆಟ್ಟಿಲಿನಲ್ಲಿ ಯಾರೋ ಏದುಸಿರು ಬಿಡುವುದು ಕೇಳಿತು. ನೋಡಿದರೆ ಚಂದ್ರಮತಿಯ ತಾಯಿ ಗುಲಾಬಿ. ಎಪ್ಪತ್ತು ದಾಟಿದ ಹೆಂಗಸು, ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದಳು. ಪ್ರೇಮಾನಂದ ಚಡ್ಡಿ ಹಾಕುವ ಕಾಲದಲ್ಲಿ ಯಡ್ತರೆಯ ಅವನ ಮನೆಗೆ ಮೀನು ತರುತ್ತಿದ್ದವಳು ಅವಳೇ. ಅವನು ಕುರ್ಚಿ ಎಳೆದು, ನೀರು ಕೊಟ್ಟ. ಅವಳು ನೀರು ಕುಡಿಯದೆ ಸುತ್ತ ಇದ್ದ ಕಂಪ್ಯೂಟರುಗಳಿಂದ ದೂರ, ಸೆರಗು ಒತ್ತಿ ಹಿಡಿದು ಕೂತಳು.

“ಪ್ರೇಮಾ, ಆ ವೈರಸ್ ಅಂಬ್ದ್ ನನ್ ಮಗಳ ಕೈಯಿಂದ ಬಂದದ್ದಾ?” ಅಂತ ಕೇಳಿದಳು.

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ನಿಧಾನಕ್ಕೆ ಹೇಳಿದಳು. ಜೂನಿನಿಂದ ಕಚೇರಿಯಲ್ಲಿ ಚಂದ್ರಮತಿಯ ಕಂಪ್ಯೂಟರಿಗೆ ವೈರಸ್ ಅಂತ ಸುದ್ದಿ. ಪೆನ್‌ಡ್ರೈವಿನಲ್ಲಿ ಬಂಗುಡೆ ಮೀನು ಇಟ್ಟು ತಂದಿದ್ದೀರಾ ಅಂತ ಸುಜಿತ್ ತಮಾಷೆ ಮಾಡಿದನಂತೆ, ಎಲ್ಲರೂ ನಕ್ಕರಂತೆ. ಆಮೇಲೆ ಅವಳು ಮುಟ್ಟಿದ ಮೌಸನ್ನು ಒಬ್ಬರು ಬಟ್ಟೆಯಲ್ಲಿ ಒರೆಸಿ ಹಿಡಿಯತೊಡಗಿದರು. ಅದೂ ತಮಾಷೆಗೇ. ಅವಳ ಚಾದ ಲೋಟ ಕಿಟಕಿಯ ಬದಿಗೆ ಹೋಯಿತು. ಅದು ಯಾವಾಗ ಹೋಯಿತು, ಯಾರು ಇಟ್ಟರು ಅಂತ ಯಾರಿಗೂ ಗೊತ್ತಿಲ್ಲ. ಮಗಳು ಮನೆಗೆ ಬಂದು ಇದನ್ನೆಲ್ಲ ನಗುತ್ತಲೇ ಹೇಳಿದ್ದಳು. ತಾಯಿ ನಗಲಿಲ್ಲ.

“ಮೀನ್ ಮುಟ್ಟಿದ್ ಕೈಯಿಂದ ಅದ್ ಬತ್ತ್ ಅಂದೇಳಿ ನಾನ್ ಗ್ರಹಿಸದ್ದ್,” ಅಂದಳು ಗುಲಾಬಿ. “ಅದ್ಕೇ ಎರಡ್ ತಿಂಗ್ಳಾಯ್ತ್, ಅವ್ಳ್ ಬುತ್ತಿಗೆ ಮೀನ್ ಹಾಕ್ತಿಲ್ಲ. ಬರೀ ಉಪ್ಪಿನಕಾಯಿ. ಹಾಂಗಾರೂ ಹೋಯ್ಲಿಲ್ಲ ಅಂಬ್ರಲೆ. ಇನ್ನ್ ಎಂತ ಮಾಡ್ಕ್, ನೀನೇ ಹೇಳ್.”

ಪ್ರೇಮಾನಂದನಿಗೆ ನಾಚಿಕೆಯಾಯಿತು. ಬರೀ ನಾಚಿಕೆ ಅಂದರೆ ಕಡಿಮೆಯಾಯಿತು, ತನ್ನ ನಾಲಿಗೆಯ ಮೇಲೆಯೇ ಹೇಸಿಗೆಯಾಯಿತು. ಇಪ್ಪತ್ತು ವರ್ಷ ಎಲ್ಲರ ಮರ್ಯಾದೆ ಉಳಿಸಿದ ಶಬ್ದ ಅಂತ ಅವನು ಬೀಗುತ್ತಿದ್ದ. ಅದು ಉಳಿಸಿದ್ದು ಲಾಡ್ಜಿನ ಧಣಿಯದ್ದು, ಹೆಡ್‌ಮಾಸ್ಟ್ರದ್ದು, ಮ್ಯಾನೇಜರದ್ದು. ಬುಟ್ಟಿ ಹೊತ್ತವಳ ಮಗಳ ಹತ್ತಿರ ಬಂದಾಗ ಅದೇ ಶಬ್ದ ಹೋಗಿ ಅವಳ ಕೈಗೆ ಅಂಟಿಕೊಂಡಿತ್ತು. ನಿಮ್ಮ ಮಗಳ ಕೈಯಿಂದ ಏನೂ ಬಂದಿಲ್ಲ, ಗುಲಾಬಕ್ಕ, ನಾಳೆಯಿಂದಲೇ ಮೀನು ಹಾಕಿ ಕಳಿಸಿ ಅಂತ ಅವನು ಹೇಳಿದ. ನಾಳೆ ಆದಿತ್ಯವಾರ, ರಜೆ ಅಂತ ಅವಳೇ ನೆನಪು ಮಾಡಿದಳು. ಅವನು ಅವಳನ್ನು ಕೈ ಹಿಡಿದು ಮೆಟ್ಟಿಲು ಇಳಿಸಿ, ಬಸ್ಸಿನಲ್ಲಿ ಕೂರಿಸಿ ಬಂದ.

ಸೋಮವಾರಕ್ಕೆ ಪ್ರಖ್ಯಾತರಿಗೆ ಒಂದು ಫೋನು ಹೋಗಿತ್ತು, ವರದಿಗೆ ನಿಮ್ಮೆದುರೇ ಒಂದು ಪರೀಕ್ಷೆ ಮಾಡಬೇಕು, ಒಂಬತ್ತಕ್ಕೆ ಬನ್ನಿ ಅಂತ. ಅವರು ಹಾಜರಿಯ ಚರಿತ್ರೆಯಲ್ಲೇ ಮೊದಲ ಬಾರಿ ಒಂಬತ್ತಕ್ಕೆ ಬಂದರು. ಚಂದ್ರಮತಿ ಆಗಷ್ಟೇ ಮೈನ್ ಹಾಕಿದ್ದಳು. ಪ್ರೇಮಾನಂದ ಮ್ಯಾನೇಜರನ್ನು ಅವಳ ಕಂಪ್ಯೂಟರಿನ ಎದುರು ಕೂರಿಸಿದ, ಅವಳನ್ನು ಸುಜಿತನ ಕಂಪ್ಯೂಟರಿನ ಎದುರು. ಇಬ್ಬರೂ ತಮ್ಮ ತಮ್ಮ ಹೆಸರು ಹೊಡೆದರು. ಎರಡೂ ಕಡೆ ಚಕ್ರ ತಿರುಗತೊಡಗಿತು.

ಹತ್ತು ನಿಮಿಷಕ್ಕೆ ಮ್ಯಾನೇಜರು ಕಾಲು ಕುಣಿಸಿದರು. ಇಪ್ಪತ್ತಕ್ಕೆ ಈ ಯಂತ್ರದಲ್ಲಿ ವೈರಸ್ ಇರುವುದು ಖಂಡಿತ ಅಂದರು. ಹಾಗಾದರೆ ಸುಜಿತನದ್ದರಲ್ಲಿ ತಿರುಗುವುದು ಎಂತದ್ದು ಅಂತ ಪ್ರೇಮಾನಂದ ಬಹಳ ವಿನಯದಿಂದ ಕೇಳಿದ. ಒಂಬತ್ತೂ ನಲವತ್ತಮೂರಕ್ಕೆ ಶಿಸ್ತಿನ ನೌಕರ ಸುಜಿತನ ಆಗಮನವಾಯಿತು. ತನ್ನ ಜಾಗದಲ್ಲಿ ಚಂದ್ರಮತಿಯನ್ನು ಕಂಡು, ರಜೆಯಲ್ಲಿದ್ದವರೊಬ್ಬರ ಕಂಪ್ಯೂಟರಿಗೆ ಸ್ವಿಚ್ ಹಾಕಿ, ಹೆಲ್ಮೆಟ್ಟು ಕೆಳಗಿಡುವ ಮೊದಲೇ ಒಳಹೊಕ್ಕ. ಸಂಘದ ಮ್ಯಾನೇಜರು ಒಂಬತ್ತೂ ಐವತ್ತೆರಡರವರೆಗೆ ಹೊರಗೇ ಇದ್ದರು. ಪ್ರೇಮಾನಂದ ಅವರನ್ನು ಗೋಡೆಯ ಹತ್ತಿರ ಕರೆದುಕೊಂಡು ಹೋಗಿ, ಲ್ಯಾಮಿನೇಶನ್ ಮೇಲೆ ಬೆರಳಿಟ್ಟು, ಮೈನ್ ಸ್ವಿಚ್ಚಿನಿಂದ ಸರ್ವರಿನವರೆಗೆ ಎಲ್ಲ ಬಿಡಿಸಿ ಹೇಳಿದ. ಎಲ್ಲರಿಗೂ ಕೇಳುವಷ್ಟು ದೊಡ್ಡಕ್ಕೆ ಹೇಳಿದ.

ಪ್ರಖ್ಯಾತ್ ಅವನನ್ನು ಕೋಣೆಯೊಳಗೆ ಕರೆದು ಬಾಗಿಲು ಹಾಕಿಕೊಂಡರು. ಇದು ನಮ್ಮೊಳಗೇ ಇರಲಿ, ಸರ್ವರ್ ಇನ್ನು ಆರಿಸುವುದು ಬೇಡ, ವರದಿಯಲ್ಲಿ ಮಾತ್ರ ಮೊದಲು ಮಾತಾಡಿದ ಹಾಗೆ ಬರೆಯಿರಿ ಅಂದರು. ಮುಂದಿನ ಜೂನಿನ ವಿಷಯವನ್ನೂ ಮೆಲ್ಲಗೆ ಎತ್ತಿದರು. ಪ್ರೇಮಾನಂದ ಆಗಲೇ ಬರೆದಿದ್ದ ಕಾಗದವನ್ನು ಮೇಜಿನ ಮೇಲೆ ಇಟ್ಟ. ಚಂದ್ರಮತಿಯವರ ಕಂಪ್ಯೂಟರಿನಲ್ಲಿ ಯಾವ ದೋಷವೂ ಇಲ್ಲ, ವೈರಸ್ ಇಲ್ಲ, ಮೊದಲೂ ಇರಲಿಲ್ಲ ಅಂತ ಅದರ ಮೊದಲ ಸಾಲು. ಮೊದಲು ಬಂದು ಬಾಗಿಲು ತೆಗೆದವರಿಗೇ ತಡ ಬೀಳುವ ಏರ್ಪಾಡು ಇದು ಅಂತ ಕೊನೆಯ ಸಾಲು. ಒಂದು ಪ್ರತಿ ಬೆಳಿಗ್ಗೆ ಎಂಟಕ್ಕೇ ಕುಂದಾಪುರಕ್ಕೆ ಮೇಲ್ ಆಗಿದೆ ಅಂತ ಹೇಳಿ ಅವನು ಹೊರಗೆ ಬಂದ.

ಆಮೇಲಿನದ್ದನ್ನು ಊಹಿಸುವುದು ಕಷ್ಟವಲ್ಲ. ತಾಂತ್ರಿಕ ಕಾರಣಗಳಿಂದ ಎರಡೂ ಮೆಮೊಗಳನ್ನು ಹಿಂಪಡೆಯಲಾಗಿದೆ ಅಂತ ಚಂದ್ರಮತಿಗೆ ಕಾಗದ ಬಂತು. ತಪ್ಪು ಯಾರದ್ದು ಅಂತ ಆ ಕಾಗದದಲ್ಲಿ ಹುಡುಕಿದರೂ ಸಿಗುವುದಿಲ್ಲ, ಅಷ್ಟು ಚಂದದ ಕನ್ನಡ. ಸರ್ವರನ್ನು ಯಾವ ಕಾರಣಕ್ಕೂ ಆರಿಸತಕ್ಕದ್ದಲ್ಲ ಅಂತ ಹೊಸ ಸುತ್ತೋಲೆ ಗೋಡೆಗೆ ಬಂತು, ಅದೇ ದಪ್ಪ ಸಹಿ. ಕುಂದಾಪುರದವರು ಇದಕ್ಕೂ ಚಪ್ಪಾಳೆ ಹೊಡೆದರು. ಪ್ರೇಮಾನಂದನ ಕರಾರು ಮಾತ್ರ ಜೂನಿನವರೆಗೆ ಕಾಯಲಿಲ್ಲ, ತಿಂಗಳೊಳಗೆ ಕುಂದಾಪುರದ ಬೇರೆ ಯಾರಿಗೋ ಹೋಯಿತು.

ಹೊಸಬರಿಗೆ ಪಾಸ್‌ವರ್ಡುಗಳ ಪಟ್ಟಿ ಒಪ್ಪಿಸಲಿಕ್ಕೆ ಅವನು ಕೊನೆಯ ಸಲ ಶಾಖೆಗೆ ಹೋದ. ಒಂಬತ್ತು ಗಂಟೆ, ಚಂದ್ರಮತಿ ಒಬ್ಬಳೇ ಇದ್ದಳು. ಅವಳು ಕೂತು ಹೆಸರು ಹೊಡೆದಳು, ನಲವತ್ತು ಸೆಕೆಂಡಿನಲ್ಲಿ ಒಳಹೊಕ್ಕಳು. ಅವನಿಗೆ ಒಳಗೊಳಗೇ ಸ್ವಲ್ಪ ಹೆಮ್ಮೆಯಾಯಿತು. ಅನ್ನದ ಕರಾರು ಕಳಕೊಂಡು ನಿಜ ಹೇಳಿದ ಮನುಷ್ಯ, ಒಂದು ಒಳ್ಳೆಯ ಮಾತು ಕೇಳಬೇಕು ಅಂತ ಆಸೆಯಾದರೆ ತಪ್ಪೇನು? ಅವಳು ವರದಿಯ ಪ್ರತಿಯನ್ನು ಫೈಲಿನಿಂದ ತೆಗೆದು, ಮೊದಲ ಸಾಲಿನ ಮೇಲೆ ಬೆರಳಿಟ್ಟಳು.

“ಮೊದ್ಲೂ ಇರ್ಲಿಲ್ಲ ಅಂದೇಳಿ ಬರ್ದಿರಿ. ಜೂನಲ್ಲ್ ಬಂದಾಗ್ಳೇ ಗೊತ್ತಿದ್ದಿತ್ತಾ, ಪ್ರೇಮಣ್ಣ?”

ಬಾಯಿಗೆ ಬರಲಿಕ್ಕೆ ಬೇರೆ ಹತ್ತು ಮಾತುಗಳಿದ್ದವು.

“ಗೊತ್ತಿದ್ದಿತ್ತ್, ಚಂದ್ರಕ್ಕ,” ಅಂದ.

ಅವಳು ಕಾಗದವನ್ನು ಮಡಚಿ ಫೈಲಿನೊಳಗೆ ಇಟ್ಟಳು. ಬಯ್ಯಲಿಲ್ಲ. ಬಯ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

“ಅಬ್ಬಿ ಹತ್ರ ಇದ್ ಹೇಳ್ಬೇಡಿ,” ಅಂದಳು, ತಾಯಿಯ ಮಾತೆತ್ತಿ. “ಪ್ರೇಮನಷ್ಟ್ ಒಳ್ಳೆಯವ್ರ್ ಯಾರಿಲ್ಲ ಅಂದೇಳಿ ಊರ್ ತುಂಬ ಹೇಳ್ಕಂಡ್ ತಿರಗ್ತಾ ಇದ್ಲ್.”

ಪ್ರೇಮಾನಂದ ಹೂಂ ಅಂದ. ಪಾಸ್‌ವರ್ಡಿನ ಪಟ್ಟಿಯನ್ನು ಮೇಜಿನ ಮೇಲಿಟ್ಟು, ಚಪ್ಪಲಿ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ.